ಪತ್ರಾ ಬಡಿದು ಕಟ್ಟಿದ ಮೋಟಾರು

ಬೀದರ್ ಎಂದೊಡನೆ ಬಿದರಿಯ ಹೂಜಿ, ಹುಕ್ಕಾ, ಪಾನ್‌ದಾನಗಳು ಕಣ್ಣ ಮುಂದೆ ಬರುವುದು ಸಹಜ. ಸುತ್ತಿಗೆಯನ್ನೇ ನಂಬಿದ ಇನ್ನೊಂದು ಕಸುಬೂ ಇದೆ. ಅದನ್ನು ಮಾತ್ರ ಯಾರೂ ಕಲೆಯೆಂದು ಕರೆಯುವುದಿಲ್ಲ. ತಗಡನ್ನು ಕೈಯಿಂದ ಬಡಿದು ಮೋಟಾರು ಗಾಡಿಯ ಮೈಯನ್ನು ರೂಪಿಸುವ ಕೆಲಸವದು. ಬೀದರಿನಲ್ಲಾಗಲಿ, ಭಾಲ್ಕಿ, ಔರಾದ್‌ಗಳ ರಸ್ತೆ ಬದಿಯ ಷೆಡ್ಡುಗಳಲ್ಲಾಗಲಿ ಅದಕ್ಕೆ 'ಡೆಂಟಿಂಗ್' ಎಂಬುದೊಂದೇ ಹೆಸರು. ತಗಡಿಗೆ ಈ ಸೀಮೆಯ ಮಾತಿನಲ್ಲಿ ಪತ್ರಾ.

ಈ ಮೂರು ಊರುಗಳು 1948ರ ಪೊಲೀಸ್ ಕಾರ್ಯಾಚರಣೆಯವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಹೀಗಾಗಿ ಇಲ್ಲಿಯ ಮೋಟಾರಿನ ಚರಿತ್ರೆಯನ್ನು ಹೈದರಾಬಾದಿನಿಂದಲೇ ಆರಂಭಿಸಬೇಕು. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ತಮಗಾಗಿ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಕಾರನ್ನು ತರಿಸಲು ಹೇಳಿದರು. ಅದು ಬರುವ ಮೊದಲೇ, 1911ರಲ್ಲಿ, ಅವರು ತೀರಿಕೊಂಡರು. ಹಳದಿ ಬಣ್ಣದ ಆ ಕಾರನ್ನು ಚೌಮಹಲ್ಲಾ ಅರಮನೆಯಲ್ಲಿ ಇಂದಿಗೂ ನೋಡಬಹುದು. ಅದರ ಇಂಜಿನ್ನು ಮತ್ತು ಚಾಸಿಸ್ಸು ರೋಲ್ಸ್ ರಾಯ್ಸ್‌ನವರದು. ಮೈ ಕಟ್ಟಿದವರು ಲಂಡನ್ನಿನ ಸಾರೋಟು ತಯಾರಕರಾದ ಬಾರ್ಕರ್ ಕಂಪನಿಯವರು. ಆ ಕಾಲದ ರೂಢಿಯೇ ಹಾಗಿತ್ತು. ನಮ್ಮಲ್ಲೂ 1840ರಲ್ಲಿ ಆರಂಭವಾದ ಮದರಾಸಿನ ಸಿಂಪ್ಸನ್ ಕಂಪನಿ ಕುದುರೆ ಗಾಡಿಗಳನ್ನು ಬಿಟ್ಟು ಮೋಟಾರಿನ ಮೈ ಕಟ್ಟುವ ಕೆಲಸಕ್ಕೆ ತಿರುಗಿತು. ಇನ್ನು ಸಾಮಾನ್ಯ ಜನರಿಗಾಗಿ ನಿಜಾಮರ ರೈಲ್ವೆ ಇಲಾಖೆ ಬಸ್ಸು ಓಡಿಸಲು ತೊಡಗಿದ್ದು 1932ರಲ್ಲಿ, ಕೇವಲ 27 ಗಾಡಿಗಳಿಂದ.

ಮೈ ಕಟ್ಟುವುದೆಂದರೇನು? ಮೊದಲು ಮರದ ಚೌಕಟ್ಟು, ಅದರ ಮೇಲೆ ತಗಡು. ತಗಡಿನ ದಪ್ಪ ಸುಮಾರು ಒಂದು ಮಿಲಿಮೀಟರು. ಬಾಗಿಲಿನಂಥ ಭಾಗ ಹೆಚ್ಚುಕಡಿಮೆ ಚಪ್ಪಟೆ, ಅದು ಸುಲಭ. ಕಷ್ಟವಿರುವುದು ಮಡ್‌ಗಾರ್ಡಿನಲ್ಲಿ. ಅದು ಉದ್ದಕ್ಕೂ ಬಾಗಿರುತ್ತದೆ, ಅಡ್ಡಕ್ಕೂ ಬಾಗಿರುತ್ತದೆ. ಕಾಗದದ ಹಾಳೆಯನ್ನು ಚೆಂಡಿಗೆ ಸುತ್ತಿ ನೋಡಿ: ಅಂಚಿನಲ್ಲಿ ನೆರಿಗೆ ಬೀಳುತ್ತದೆ. ತಗಡಿನಲ್ಲಿ ಆ ನೆರಿಗೆ ಬೀಳಬಾರದೆಂದರೆ ನಡುಭಾಗ ಹಿಗ್ಗಬೇಕು, ಇಲ್ಲವೇ ಅಂಚು ಕುಗ್ಗಬೇಕು. ಮರಳು ತುಂಬಿದ ಚರ್ಮದ ಚೀಲದ ಮೇಲೆ ತಗಡನ್ನಿಟ್ಟು ಮರದ ಕೊಡತಿಯಿಂದ ಹೊಡೆದರೆ ನಡುಭಾಗ ಬಟ್ಟಲಿನಂತೆ ಇಳಿಯುತ್ತದೆ. ಆಮೇಲೆ ಒಳಗಡೆ 'ಡಾಲಿ' ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ನಯ ಮಾಡಬೇಕು. ಏಟು ಡಾಲಿಯ ಮೇಲೆ ಬಿದ್ದಿತೋ ತಪ್ಪಿತೋ ಎಂಬುದನ್ನು ಸದ್ದೇ ಹೇಳುತ್ತದೆ.

ಬಡಿದಷ್ಟೂ ತಗಡು ಗಡುಸಾಗುತ್ತದೆ. ಮತ್ತೂ ಬಡಿದರೆ ಸೀಳುತ್ತದೆ. ಲೋಹದ ಹರಳುಗಳೊಳಗಿನ ದೋಷದ ಗೆರೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುವುದೇ ಇದಕ್ಕೆ ಕಾರಣವೆಂದು ವಿಜ್ಞಾನ ವಿವರಿಸತೊಡಗಿದ್ದು 1934ರಲ್ಲಿ. ಕಾಯಿಸಿದರೆ ಸಿಕ್ಕು ಬಿಡುತ್ತದೆ ಎಂಬುದು ಕಮ್ಮಾರನಿಗೆ ಅದಕ್ಕೂ ಎಷ್ಟೋ ಮುಂಚೆ ಗೊತ್ತಿತ್ತು. ಅಲ್ಯೂಮಿನಿಯಂ ಕೆಂಪಗಾಗದೆ ಥಟ್ಟನೆ ಕರಗಿಬಿಡುವ ಲೋಹ. ಅದಕ್ಕೆ ಸೋಪು ಸವರಿ ಕಾಯಿಸುತ್ತಾರೆ. ಸೋಪು ಕಂದಾದರೆ ಸಾಕು, ಉರಿ ತೆಗೆಯಬೇಕು. ಥರ್ಮಾಮೀಟರಿಗಿಂತ ಇದೇ ಸೊಗಸೆಂದು ನನಗನ್ನಿಸುತ್ತದೆ. ಉಕ್ಕಿನ ತಗಡು ಅತಿಯಾಗಿ ಹಿಗ್ಗಿ ಡಬ್ಬದ ಮುಚ್ಚಳದಂತೆ ಟಕ್ ಟಕ್ ಎನ್ನತೊಡಗಿದರೆ, ರೂಪಾಯಿಯಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಬಡಿದು, ಒದ್ದೆ ಬಟ್ಟೆ ಒತ್ತುತ್ತಾರೆ. ಸುತ್ತಲ ತಣ್ಣನೆಯ ಲೋಹ ಬಿಡದ ಕಾರಣ ಕಾದ ಜಾಗ ಅಗಲವಾಗಲಾರದೆ ದಪ್ಪವಾಗುತ್ತದೆ. ಆರಿದಾಗ ಸುತ್ತಲಿನದನ್ನೂ ಎಳೆದುಕೊಂಡು ಕುಗ್ಗುತ್ತದೆ.

ಇದೇ ವಿವೇಕ ಬಿದರಿಯಲ್ಲೂ ಇದೆ, ಬೇರೆ ರೀತಿಯಲ್ಲಿ. ಬಿದರಿಯ ಮೈ ಬಹುಪಾಲು ಸತು, ಸ್ವಲ್ಪ ತಾಮ್ರ. ತಣ್ಣಗಿರುವ ಸತು ಸುತ್ತಿಗೆಗೆ ಬಗ್ಗದೆ ಒಡೆಯುತ್ತದೆ. ಅದು ಮೆದುವಾಗುವುದು 100ರಿಂದ 150 ಡಿಗ್ರಿ ಶಾಖದಲ್ಲಿ. ಆದ್ದರಿಂದ ಹೂಜಿಯನ್ನು ಬಡಿಯದೆ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಸುತ್ತಿಗೆ ಬೀಳುವುದು ಬೆಳ್ಳಿಯ ತಂತಿ ಮತ್ತು ತಗಡಿನ ಮೇಲೆ. ಕೆತ್ತಿದ ತೋಡಿನೊಳಗೆ ಮೆತ್ತನೆಯ ಬೆಳ್ಳಿ ಬಡಿತಕ್ಕೆ ಹರಡಿ ಕಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪದಿಂದ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ.

ಬಿದರಿಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ಇದು ಸಂತೋಷದ ಸಂಗತಿಯೇ. ಪತ್ರಾ ಬಡಿಯುವವನ ಹೆಸರು ಮಾತ್ರ ಯಾವ ದಾಖಲೆಗೂ ಏರಲಿಲ್ಲ. ಬಾರ್ಕರ್ ಕಂಪನಿಯ ಹೆಸರು ಎಲ್ಲರಿಗೂ ಗೊತ್ತು; ನಿಜಾಮರ ಕಾರಿನ ತಗಡು ಬಡಿದ ಕೈ ಯಾರದೋ!

ಕಸುಬನ್ನು ಬದಿಗೆ ಸರಿಸಿದ್ದು ದೊಡ್ಡ ಪ್ರೆಸ್ಸುಗಳು. ಅಮೆರಿಕದಲ್ಲಿ ಬಡ್ ಕಂಪನಿ 1914ರ ಹೊತ್ತಿಗೇ ಡಾಡ್ಜ್ ಕಾರುಗಳಿಗೆ ಪೂರ್ತಿ ಉಕ್ಕಿನ ಮೈಯನ್ನು ಒತ್ತಿ ಕೊಡುತ್ತಿತ್ತು. ಮುಂದೆ ಷೆಡ್ಡುಗಳಿಗೆ ಉಳಿದದ್ದು ತಗ್ಗು ತೆಗೆಯುವ ಕೆಲಸ. ಅದಕ್ಕೂ ಈಗ ಪುಟ್ಟಿ ಬಂದಿದೆ. ಹಿಂದಿನವರು ಅಳಿದುಳಿದ ಸಣ್ಣ ತಗ್ಗಿಗಷ್ಟೇ ಸೀಸ-ತವರ ಹಚ್ಚುತ್ತಿದ್ದರು; ಈಗ ಅಂಗೈ ಅಗಲದ ಗುಳಿಗೂ ಪುಟ್ಟಿ ಮೆತ್ತಿ ಬಣ್ಣ ಹೊಡೆಯುವುದುಂಟು. ಅದರ ಹಿಂದೆ ನೀರು ಸೇರಿ ತುಕ್ಕು ತಿಂದು ಎರಡು ಮಳೆಗಾಲಕ್ಕೆ ಉದುರುತ್ತದೆ. ಬಡಿಯಲು ಒಂದು ದಿನ, ಮೆತ್ತಲು ಒಂದು ಗಂಟೆ. ಗಿರಾಕಿ ಕೊಡುವುದು ಆ ಒಂದು ಗಂಟೆಯ ಕೂಲಿಯನ್ನು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ಹೊರಡಿಸಿತು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದಿರುವ ಗಾಡಿಗೆ 'ವಿಎ' ಅಕ್ಷರಗಳುಳ್ಳ ನಂಬರು ಸಿಗುತ್ತದೆ. ಅಂಥ ಗಾಡಿಯ ಮಡ್‌ಗಾರ್ಡು ತುಕ್ಕು ಹಿಡಿದು ಹೋದರೆ ಅದನ್ನು ಒತ್ತಿ ಕೊಡುವ ಕಾರ್ಖಾನೆ ಇಂದು ಇಲ್ಲ. ಹಳೆಯದನ್ನು ಎದುರಿಗಿಟ್ಟುಕೊಂಡು, ರಟ್ಟಿನಲ್ಲಿ ಅದರ ಬಾಗನ್ನು ಕತ್ತರಿಸಿ, ಹೊಸ ಪತ್ರಾವನ್ನು ಮರಳಿನ ಚೀಲದ ಮೇಲಿಟ್ಟು ಬಡಿಯಬಲ್ಲವರನ್ನೇ ಹುಡುಕಿಕೊಂಡು ಹೋಗಬೇಕು.