ಎರಡನೇ ಕಾಲದ ಗಾಂಧಾರ: ಹೊಸೂರು ರಸ್ತೆಯಿಂದ ಒಂದು ಸಂಶೋಧನಾ ಟಿಪ್ಪಣಿ

ಹೊಸೂರಿನಲ್ಲಿ ಸಂಗೀತ ಪಾಠಕ್ಕೆ ಬಂದು ಕೂತ ಹುಡುಗಿಯ ಶ್ರುತಿ ಯಾವುದೆಂದು ಕೇಳಿದರೆ ಕನ್ನಡದ ತಾಯಿ ‘ಐದು ಮನೆ’ ಎನ್ನುತ್ತಾಳೆ, ತಮಿಳಿನ ತಾಯಿ ‘ಅಂಜು ಕಟ್ಟೈ’ ಎನ್ನುತ್ತಾಳೆ. ಇಬ್ಬರೂ ತೋರಿಸುವುದು ಹಾರ್ಮೋನಿಯಂ ಪೆಟ್ಟಿಗೆಯ ಐದನೆಯ ಬಿಳಿ ಕೀಲಿಯನ್ನೇ. ಆಮೇಲೆ ಮಕ್ಕಳೆಲ್ಲ ಹಾಡುವುದು, ಮನೆಮಾತು ತೆಲುಗೇ ಇರಲಿ ತಮಿಳೇ ಇರಲಿ, ಪುರಂದರದಾಸರ ಪಿಳ್ಳಾರಿ ಗೀತೆ. ಶ್ರುತಿಯ ಈ ಕೀಲಿ ಲೆಕ್ಕದಲ್ಲೊಂದು ಸಣ್ಣ ವ್ಯಂಗ್ಯವಿದೆ. ಗಮಕ ಹಿಡಿಯದು, ಸ್ವರವನ್ನು ಕಟ್ಟಿಹಾಕುತ್ತದೆ ಎಂಬ ದೂರಿನ ಮೇಲೆ ಆಕಾಶವಾಣಿ 1940ರ ಮಾರ್ಚ್ 1ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ಹೊರಗಿಟ್ಟಿತ್ತು. ಅಷ್ಟು ಕಾಲ ಬಾಗಿಲಾಚೆ ನಿಂತ ಪೆಟ್ಟಿಗೆಯ ಕೀಲಿಗಳ ಲೆಕ್ಕದಲ್ಲೇ ನಾವು ಇಂದಿಗೂ ನಮ್ಮ ಕಂಠವನ್ನು ಗುರುತಿಸಿಕೊಳ್ಳುತ್ತಿದ್ದೇವೆ.

ಡಿಜಿಟಲ್ ವಾದ್ಯಗಳ ಮೇಲೂ ಇಂದು ಅದೇ ದೂರು. ದೂರು ಸುಳ್ಳಲ್ಲ, ಆದರೆ ಅದನ್ನು ತಪ್ಪು ಜಾಗದಲ್ಲಿ ಹೂಡಲಾಗಿದೆ ಎಂಬುದು ನನ್ನ ವಾದ. ಒಳ್ಳೆಯ ಗಾಯಕಿ ಹಾಡುವಾಗ ಕಾಲ, ಗಮಕ, ದನಿಯ ಬಲ, ಅಕ್ಷರದ ಒತ್ತು ಎಲ್ಲವೂ ಒಟ್ಟಿಗೇ ಕದಲುತ್ತವೆ. ಕೇಳಿದವರ ಎದೆ ತಟ್ಟಿದ್ದು ಇವುಗಳಲ್ಲಿ ಯಾವುದು? ‘ಗಮಕ ಇದ್ದ ಹಾಗೇ ಇರಲಿ, ಬಲವನ್ನಷ್ಟೇ ಬದಲಿಸಿ ಇನ್ನೊಮ್ಮೆ ಹಾಡಿ’ ಎಂದು ಆಕೆಯನ್ನು ಕೇಳಿ ಪ್ರಯೋಜನವಿಲ್ಲ. ಒಂದನ್ನು ಬದಲಿಸಿದ ಕೂಡಲೇ ಮಿಕ್ಕದ್ದೂ ಅದರ ಹಿಂದೆ ಹೋಗುತ್ತದೆ. ಯಂತ್ರಕ್ಕೆ ಮಾತ್ರ ಈ ಬುದ್ಧಿಗೇಡಿ ಕೆಲಸ ಸಾಧ್ಯ. ಸ್ಟಾಕ್‌ಹೋಮಿನಲ್ಲಿ ಯೋಹಾನ್ ಸುಂಡ್‌ಬೆರ್ಗ್ ಮತ್ತು ಸಂಗಡಿಗರು ಪಾಶ್ಚಾತ್ಯ ಸಂಗೀತದ ಮೇಲೆ ದಶಕಗಳ ಕಾಲ ಮಾಡಿದ್ದು ಇದನ್ನೇ: ನುಡಿಸುವ ರೀತಿಗೊಂದು ನಿಯಮ ಬರೆ, ಯಂತ್ರದಿಂದ ನುಡಿಸು, ಸಂಗೀತಗಾರನಿಗೆ ಕೇಳಿಸು, ಅವನು ಮುಖ ಸಿಂಡರಿಸಿದರೆ ನಿಯಮವನ್ನು ತಿದ್ದು.

ಮೊದಲು ಶ್ರುತಿಯ ವಿಷಯ ಮುಗಿಸಿಬಿಡುತ್ತೇನೆ. ಇಲ್ಲಿ ಯಂತ್ರದೊಡನೆ ಜಗಳವಿಲ್ಲ. ಹೊಸೂರಿನಿಂದ ಅತ್ತಿಬೆಲೆ ದಾಟಿ ಬೆಂಗಳೂರಿನ ಕಡೆ ಹೊರಟರೆ ಸಿಗುವ ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ರಾಡೆಲ್ ಸಂಸ್ಥೆಯಿದೆ. ಅದನ್ನು 1979ರಲ್ಲಿ ಆರಂಭಿಸಿದ ಜಿ. ರಾಜ್ ನಾರಾಯಣ್ ಇಂಜಿನಿಯರೂ ಹೌದು, ಕೊಳಲು ವಾದಕರೂ ಹೌದು. ಎಲೆಕ್ಟ್ರಾನಿಕ್ ತಂಬೂರಿ, ಟಾಲೋಮೀಟರ್, ತಾಳಮಾಲಾ, ಆಮೇಲೆ ‘ಸುನಾದವಿನೋದಿನಿ’ ಎಂಬ ಡಿಜಿಟಲ್ ವೀಣೆ ಈ ಸಂಸ್ಥೆಯಿಂದ ಬಂದವು. ಇನ್ನೊಂದು ತುದಿಯಲ್ಲಿ, ಹೊಸೂರಿನೊಳಗೇ, ಟಾಟಾ ಸಮೂಹವೂ ತಮಿಳುನಾಡಿನ ಟಿಡ್ಕೋ ಸಂಸ್ಥೆಯೂ ಸೇರಿ 1984ರಲ್ಲಿ ಹುಟ್ಟುಹಾಕಿದ ಟೈಟನ್ ಕಂಪನಿಯ ಗಡಿಯಾರದ ಕಾರ್ಖಾನೆ. ಕ್ವಾರ್ಟ್ಜ್ ಗಡಿಯಾರದ ಹರಳು ಶ್ರುತಿಕವೆಯ ಆಕಾರದ್ದು. ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಅದನ್ನು 15 ಸಲ ಅರ್ಧಿಸಿದರೆ ಒಂದು. ಸಂಗೀತದ ಭಾಷೆಯಲ್ಲಿ ಹೇಳುವುದಾದರೆ, ಹರಳು ಹಾಡುವ ಸ್ವರದಿಂದ 15 ಸ್ಥಾಯಿ ಕೆಳಗಿಳಿದರೆ ಅದೇ ಗಡಿಯಾರದ ಟಿಕ್. ತಿಂಗಳಿಗೆ 15 ಸೆಕೆಂಡು ತಪ್ಪುವ ಸಾಮಾನ್ಯ ಹರಳಿನ ದೋಷವನ್ನು ಶ್ರುತಿಗೆ ಪರಿವರ್ತಿಸಿದರೆ ಬರುವುದು ಒಂದು ಸೆಂಟಿನ ನೂರನೆಯ ಒಂದು ಭಾಗ. (ಒಂದು ಸ್ಥಾಯಿಗೆ 1,200 ಸೆಂಟು.) ಹರಳನ್ನು ನೆಚ್ಚಿದ ಯಾವ ಶ್ರುತಿ ಪೆಟ್ಟಿಗೆಯ ಆಧಾರ ಷಡ್ಜವೂ ಕಿವಿಯ ಅಳತೆಗೆ ಕದಲುವುದಿಲ್ಲ.

ಮೊಬೈಲಿನ ತಂಬೂರಿಯ ಕೊರತೆ ಬೇರೆ. ಒಂದೂವರೆ ಮನೆಯ ಗಂಡುದನಿಗೆ ಷಡ್ಜ ಸುಮಾರು 139 ಹರ್ಟ್ಸ್, ಮಂದ್ರ ಷಡ್ಜ 69. ಫೋನಿನ ಸಣ್ಣ ಸ್ಪೀಕರು ಅಷ್ಟು ಕೆಳಗಿಳಿಯದು. ಮೇಲಿನ ಉಪಸ್ವರಗಳನ್ನು ಕೇಳಿದ ಕಿವಿ ಇಲ್ಲದ ಮಂದ್ರವನ್ನು ತಾನೇ ಊಹಿಸಿ ತುಂಬಿಕೊಳ್ಳುತ್ತದೆ. ತಂಬೂರಿಯ ಬಾಗಿದ ಕುದುರೆ ಮತ್ತು ಜೀವದ ಎಳೆಯಿಂದ ಉಪಸ್ವರಗಳು ಎಷ್ಟು ಸಮೃದ್ಧವಾಗುತ್ತವೆಂದು ಸಿ.ವಿ. ರಾಮನ್ 1921ರಲ್ಲೇ ಬರೆದಿದ್ದರು. ಫೋನಿನ ಮಾನ ಉಳಿಸಿರುವುದು ಆ ಸಮೃದ್ಧಿಯೇ.

ಈಗ ನಿಜವಾದ ಕಷ್ಟಕ್ಕೆ ಬರೋಣ. ತೋಡಿಯ ಗಾಂಧಾರವನ್ನು ಯಾವುದೇ ಶ್ರುತಿಪರೀಕ್ಷಕ ಆ್ಯಪ್‌ನ ಮುಂದೆ ಹಾಡಿ ನೋಡಿ. ಸಾಧಾರಣ ಗಾಂಧಾರದ ಲೆಕ್ಕದ ಜಾಗ 300 ಸೆಂಟು. ಹಾಡಿದ ಗಾಂಧಾರ ಅಲ್ಲಿ ನಿಲ್ಲುವುದೇ ಇಲ್ಲ. ರಿಷಭದ ಕಡೆಗೆ ಇಳಿದು, ಮಧ್ಯಮದ ಕಡೆಗೆ ಏರಿ, ನಡುವಿನ ಜಾಗವನ್ನು ಹಾದುಹೋಗುತ್ತದೆ ಅಷ್ಟೆ. ಆ್ಯಪ್‌ನ ಮುಳ್ಳು ಗಾಬರಿಯಿಂದ ಅತ್ತಿತ್ತ ಹೊಡೆದುಕೊಂಡು ಕೆಂಪು ತೋರಿಸುತ್ತದೆ. ಮಗು ಅದನ್ನು ಹಸಿರು ಮಾಡಲು ಹೊರಟರೆ ರಾಗ ಸತ್ತಿತು. ಈ ಉಪಕರಣವನ್ನು ಪಾಠದ ಮನೆಗೆ ತರಬಾರದೆಂದೇ ನನ್ನ ಅಭಿಪ್ರಾಯ. ಸರಿ ತಪ್ಪು ಹೇಳದೆ ಓಡಿದ ದಾರಿಯನ್ನಷ್ಟೇ ಬರೆದು ತೋರಿಸುವ ಸೋನಿಕ್ ವಿಶುವಲೈಸರ್, ಪ್ರಾಟ್ ಮುಂತಾದ ತಂತ್ರಾಂಶಗಳು ಬೇರೆ ಜಾತಿಯವು, ಬೆಲೆಯೂ ಇಲ್ಲ.

ಹೀಗೆ ಬರೆಸಿದ ರೇಖೆಗಳಿಂದ ಸಿಕ್ಕ ಫಲಗಳಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸಿದ್ದು ವರ್ಣದ ಎರಡನೇ ಕಾಲಕ್ಕೆ ಸಂಬಂಧಿಸಿದ್ದು. ಶ್ರೀಕುಮಾರ್ ಕಾರೈಕುಡಿ ಸುಬ್ರಮಣಿಯನ್ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ತಮ್ಮ ಪಿಎಚ್.ಡಿ. ಕೆಲಸದಲ್ಲಿ ಸಹಾನ ವರ್ಣವೊಂದರ ವೀಣಾವಾದನವನ್ನು ಹೀಗೆ ಬಿಡಿಸಿ ನೋಡಿದರು. ‘ಎರಡನೇ ಕಾಲ ಎಂದರೆ ಮೊದಲನೆಯದರ ದುಪ್ಪಟ್ಟು’ ಎಂದು ಎಲ್ಲ ಪಾಠಗಳಲ್ಲೂ ಹೇಳುತ್ತೇವೆ. ಸ್ವರಗಳ ಮಟ್ಟಿಗೆ ಅದು ಸರಿ, ಗಮಕ ದುಪ್ಪಟ್ಟಾಗುವುದಿಲ್ಲ. ಒಂದು ಸೆಕೆಂಡಿನ ಗಾಂಧಾರದಲ್ಲಿ ನಾಲ್ಕು ಓಲಾಟ ಇದ್ದವೆನ್ನೋಣ. ಧ್ವನಿಮುದ್ರಣವನ್ನು ಶ್ರುತಿ ಏರದಂತೆ ಇಮ್ಮಡಿ ವೇಗದಲ್ಲಿ ಓಡಿಸಿದರೆ ಅರ್ಧ ಸೆಕೆಂಡಿನಲ್ಲಿ ಅದೇ ನಾಲ್ಕು ಓಲಾಟ ತುರುಕಿಕೊಳ್ಳುತ್ತವೆ, ಅಂದರೆ ಸೆಕೆಂಡಿಗೆ ಎಂಟು. ಮನುಷ್ಯ ಕಂಠದ ಸಹಜ ಕಂಪನ ಸೆಕೆಂಡಿಗೆ ಆರೇಳರ ಸುಮಾರಿನದು. ಎಂಟಕ್ಕೆ ಹೋದದ್ದು ಮೇಕೆ ಅರಚಿದಂತೆ ಕೇಳುತ್ತದೆ. ಫೋನಿನಲ್ಲೇ ಯಾರಾದರೂ ಮಾಡಿ ನೋಡಬಹುದು.

ನುರಿತ ವಾದಕ ಎರಡನೇ ಕಾಲದಲ್ಲಿ ಕೆಲವು ಓಲಾಟಗಳನ್ನು ಬಿಡುತ್ತಾನೆ, ಕೆಲವನ್ನು ಒಂದೇ ಜಾರಿಗೆ ಇಳಿಸುತ್ತಾನೆ, ಕೆಲವನ್ನು ಮಾತ್ರ ಪೂರ್ತಿ ಉಳಿಸುತ್ತಾನೆ. ಯಾವುದನ್ನು ಬಿಟ್ಟ, ಯಾವುದನ್ನು ಉಳಿಸಿದ ಎಂಬುದು ಶಾಸ್ತ್ರಗ್ರಂಥದ ಗಮಕಪಟ್ಟಿಯಲ್ಲಿಲ್ಲ, ನೋಟೇಶನ್ ಪುಸ್ತಕದಲ್ಲಿಲ್ಲ, ಕೇಳಿದರೆ ವಿದ್ವಾಂಸರ ಬಾಯಲ್ಲೂ ಬರುವುದಿಲ್ಲ. ‘ಕೈಗೆ ಬರುತ್ತೆ’ ಎನ್ನುತ್ತಾರೆ. ಸುಬ್ರಮಣಿಯನ್ ಶ್ರುತಿರೇಖೆಯನ್ನು ಎರಡು ಪದರವಾಗಿ ಬೇರ್ಪಡಿಸಿದರು: ನಿಧಾನವಾಗಿ ಜಾಗ ಬದಲಿಸುವ ‘ರಂಗ’, ಅದರ ಮೇಲೆ ಬೇಗ ಓಲಾಡುವ ‘ನೃತ್ಯ’. ಎರಡನ್ನೂ ಬೇರೆಬೇರೆಯಾಗಿ ತಿದ್ದಿ, ಮತ್ತೆ ಜೋಡಿಸಿ, ಯಂತ್ರದಿಂದ ನುಡಿಸಬಹುದು. ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ಕದಲಿಸುವುದು ಎಂದು ನಾನು ಮೇಲೆ ಹೇಳಿದ್ದು ಇದನ್ನೇ. ಚೆನ್ನೈನ ಎಂ. ಸುಬ್ರಮಣಿಯನ್ ಅವರ ‘ಗಾಯಕ’ ತಂತ್ರಾಂಶ ಇದಕ್ಕೂ ಹಿಂದಿನದು. ಅಲ್ಲಿ ಸ್ವರದ ಜೊತೆ ಗಮಕವನ್ನೂ ಅಕ್ಷರದಲ್ಲಿ ಬರೆದು ಕೊಡಬೇಕು. ಬರೆಯುವ ಶ್ರಮವೇ ಪಾಠ. ‘ರಿ’ ಎಂಬ ಒಂದಕ್ಷರ ಸಾಲದು ಎಂಬುದು ಬರೆಯಲು ಕೂತಾಗ ತಿಳಿದಷ್ಟು ಹಾಡುವಾಗ ತಿಳಿಯದು.

ಕೀಬೋರ್ಡಿನ ಬಗ್ಗೆ ಎರಡು ಮಾತು ಸಾಕು. ಎಲೆಕ್ಟ್ರಾನಿಕ್ ವಾದ್ಯಗಳು ಒಂದರೊಡನೊಂದು ಮಾತಾಡಲು ಮಾಡಿಕೊಂಡ 1983ರ ಮಿಡಿ ಒಪ್ಪಂದದಲ್ಲಿ ಕೀಲಿ ಒತ್ತಿದ ರಭಸಕ್ಕೆ 128 ಮೆಟ್ಟಿಲು, ಸ್ವರ ಬಗ್ಗಿಸುವ ಚಕ್ರಕ್ಕೆ 16,384. ಸೂಕ್ಷ್ಮತೆಗೆ ಕೊರತೆಯಿರಲಿಲ್ಲ. ತೊಡಕು ಬೇರೆ ಕಡೆ ಇತ್ತು: ಚಕ್ರ ತಿರುಗಿಸಿದರೆ ಆ ಚಾನೆಲ್ಲಿನ ಎಲ್ಲ ಸ್ವರಗಳೂ ಒಟ್ಟಿಗೆ ಬಾಗುತ್ತಿದ್ದವು. ಬೆರಳಿಗೊಂದು ಬಾಗು ಕೊಡುವ ವ್ಯವಸ್ಥೆಗೆ ಒಪ್ಪಿಗೆ ಬಂದದ್ದು 2018ರಲ್ಲಿ. ಏಕಸ್ವರದ ನಮ್ಮ ಸಂಗೀತಕ್ಕೆ ಹಳೆಯ ಚಕ್ರವೇ ಸಾಕಿತ್ತೆಂಬುದನ್ನು ಎಡಗೈಯಲ್ಲಿ ಅದನ್ನು ಪಳಗಿಸಿಕೊಂಡ ಕರ್ನಾಟಕ ಶೈಲಿಯ ಕೀಬೋರ್ಡ್ ವಾದಕರು ಯಾವತ್ತೋ ತೋರಿಸಿದ್ದಾರೆ.

ಡಿಜಿಟಲ್ ವೀಣೆಗೆ ಸಂಶೋಧಕನ ದೃಷ್ಟಿಯಿಂದ ಬೇರೊಂದು ಬೆಲೆಯಿದೆ. ಮೇಣದ ಮೇಳ ಬಿಸಿಲಿಗೆ ಸಡಿಲವಾಗುವ ಕಾಟ ಇಲ್ಲವೆಂದು, ಬಿಚ್ಚಿ ಸಾಗಿಸಬಹುದೆಂದು ವೈಣಿಕರು ಮೆಚ್ಚುತ್ತಾರೆ. ನನಗೆ ಮುಖ್ಯವಾದದ್ದು ಅದರ ಪಿಕಪ್. ಕಛೇರಿಯ ಧ್ವನಿಮುದ್ರಣದಲ್ಲಿ ಪಿಟೀಲು ಗಾಯಕನ ಹಿಂದೆಯೇ ಬರುವುದರಿಂದ ತಂತ್ರಾಂಶಕ್ಕೆ ಯಾರು ಯಾರೆಂದು ತಿಳಿಯದೆ ರೇಖೆ ಅವನಿಂದ ಇವನಿಗೆ ಹಾರುತ್ತದೆ. ಬಾರ್ಸಿಲೋನಾದ ಪೊಂಪೆವ್ ಫಾಬ್ರಾ ವಿಶ್ವವಿದ್ಯಾಲಯದ ಕಾಂಪ್‌ಮ್ಯೂಸಿಕ್ ಯೋಜನೆಯಿಂದ ಬಂದ ‘ಸರಾಗ’ ಸಂಗ್ರಹದಲ್ಲಿ ಬಹಳಷ್ಟು ಕಛೇರಿಗಳನ್ನು ವಾದ್ಯಕ್ಕೊಂದು ಟ್ರ್ಯಾಕಿನಂತೆ ಇಟ್ಟಿರುವುದಕ್ಕೆ ಇಂಥ ತೊಡಕೂ ಒಂದು ಕಾರಣ. ಪಿಕಪ್‌ನಿಂದ ನೇರ ತೆಗೆದ ವೀಣೆಯಲ್ಲಿ ಕೋಣೆಯ ಮಾರ್ದನಿಯಿಲ್ಲ, ಮೃದಂಗವಿಲ್ಲ. ಬಲಗೈ ಮೀಟಿದ ಗಳಿಗೆಯೂ ಎಡಗೈ ತಂತಿ ಎಳೆದ ಪ್ರಮಾಣವೂ ಸ್ವಚ್ಛವಾಗಿ ಬೇರ್ಪಡುತ್ತವೆ. ಮೈಸೂರು ಬಾನಿಯಲ್ಲಿ ಮೀಟಿಗೆ, ತಂಜಾವೂರು ಬಾನಿಯಲ್ಲಿ ಎಳೆತಕ್ಕೆ ಪ್ರಾಧಾನ್ಯ ಎನ್ನುವುದು ವಾಡಿಕೆ. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರ್ಯರವರೆಗೆ ಬಂದ ಬಾನಿಯ ಕಳೆ ನಿಜಕ್ಕೂ ಬಲಗೈಯಲ್ಲಿದೆಯೇ? ಮೈಸೂರಿನ ಮೀಟಿಗೆ ತಂಜಾವೂರಿನ ಎಳೆತವನ್ನು ಜೋಡಿಸಿ ನುಡಿಸಿ, ಅದು ಯಾವ ಊರಿನ ವೀಣೆ ಎಂದು ಬಲ್ಲವರನ್ನು ಕೇಳಿದರೆ ವಾಡಿಕೆಯ ಮಾತು ಪರೀಕ್ಷೆಗೆ ಸಿಕ್ಕುತ್ತದೆ.

ಈ ಸೀಮೆಯವರು ಕಂಠದ ಪರೀಕ್ಷೆಗೆ ವಸ್ತು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿಯವರ ‘ಕುರೈ ಒನ್ರುಮ್ ಇಲ್ಲೈ’ ಇದೆ. ಶಿವರಂಜನಿ, ಕಾಪಿ, ಸಿಂಧುಭೈರವಿಗಳ ಮಾಲಿಕೆ, ಎಂ.ಎಸ್. ಸುಬ್ಬುಲಕ್ಷ್ಮಿಯವರ ನಂತರ ಹಾಡದವರಿಲ್ಲ. ಒಂದೇ ಸಾಹಿತ್ಯ, ಒಂದೇ ಧಾಟಿ, ನೂರು ಕಂಠ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುವ ಇಲ್ಲಿನ ಮಗು ಹಾಡಿದಾಗ ಪದದ ಕೊನೆಯ ಮೊಟಕು ವ್ಯಂಜನದ ಮೇಲೆ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ, ಚೆನ್ನೈನ ಮಗುವಿನಲ್ಲಿ ಎಷ್ಟು ಹೊತ್ತು ಎಂದು ಅಳೆಯಲು ಒಂದು ಫೋನು, ಒಂದು ನಿಶ್ಶಬ್ದ ಕೋಣೆ ಸಾಕು.

ಕೊನೆಗೆ ಓಲಗ. ಗುಡಿಗಳಲ್ಲಿ ಮಂಗಳಾರತಿಗೆ ಮೋಟಾರಿನ ನಗಾರಿ ಬಂದು ಬಹಳ ಕಾಲವಾಯಿತು. ಅದರ ವಿಷಯದಲ್ಲಿ ಅಧ್ಯಯನ ಮಾಡುವಂಥದ್ದು ಏನೂ ಇಲ್ಲ. ಆದರೆ ನಾಗಸ್ವರದ ಪಕ್ಕದಲ್ಲಿ ಕೆನ್ನೆಯುಬ್ಬಿಸಿ, ಉಸಿರು ಕಡಿಯದೆ ಷಡ್ಜ ಊದುತ್ತಿದ್ದ ಒತ್ತಿನವನ ಜಾಗಕ್ಕೆ ಶ್ರುತಿ ಪೆಟ್ಟಿಗೆ ಬಂದದ್ದು ಕೂಲಂಕಷವಾಗಿ ನೋಡಬೇಕಾದ ಸಂಗತಿ. ಕೊಳವೆಯೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಅದರ ಸ್ವರ ಸುಮಾರು 28 ಸೆಂಟು ಏರುತ್ತದೆ, ಇದು ಭೌತಶಾಸ್ತ್ರದ ಸರಳ ಲೆಕ್ಕ. ಒತ್ತೂ ನಾಗಸ್ವರವೂ ಒಂದೇ ಜಾತಿಯ ಕೊಳವೆಗಳು, ಒಂದೇ ಬಿಸಿಲಿನಲ್ಲಿ ನಿಂತವು. ಏರಿದರೆ ಎರಡೂ ಏರುತ್ತಿದ್ದವು. ಪೆಟ್ಟಿಗೆ ಏರುವುದಿಲ್ಲ, ಅದರ ಹರಳು ಸೆಂಟಿನ ನೂರನೇ ಭಾಗಕ್ಕೆ ನಿಂತಿದೆ. ಈಗ ಏರಿದ 28 ಸೆಂಟನ್ನು ಸೀವಾಳಿಯ (ಊದುವ ಪೀಪಿಯ) ಮೇಲಿನ ತುಟಿ ಒಂದೇ ತಿದ್ದಿಕೊಳ್ಳಬೇಕು, ಅದೇ ತುಟಿ ಗಮಕವನ್ನೂ ನುಡಿಸಬೇಕು. ಹೊಸೂರಿನ ಚಂದ್ರಚೂಡೇಶ್ವರನ ತೇರಿನ ದಿನ ಬೆಳಿಗ್ಗೆ ಒಮ್ಮೆ, ನಡುಮಧ್ಯಾಹ್ನ ಒಮ್ಮೆ, ಒತ್ತಿನೊಂದಿಗೆ ಮತ್ತು ಪೆಟ್ಟಿಗೆಯೊಂದಿಗೆ ಅದೇ ವಾದಕರಿಂದ ಅದೇ ತೋಡಿಯನ್ನು ಮುದ್ರಿಸಿಕೊಳ್ಳಬೇಕು. ನಾಗಸ್ವರಕ್ಕೊಂದು, ಶ್ರುತಿಗೊಂದು ಮೈಕು ಬೇಕು. ಕೊಳವೆಯ ಬಾಯಿಗೆ ಕಟ್ಟಲು ಒಂದು ಥರ್ಮಾಮೀಟರೂ ಬೇಕು.