ಕೈಲಾಸದಿಂದ ಇಳಿದವರು

ಕೈಲಾಸದಲ್ಲಿ ಶಿವನ ಓಲಗ ನಡೆದಿದೆ. ಶಿವ ಪ್ರಸಾದದ ಹೂಗಳನ್ನು ವೃಷಭಮುಖನೆಂಬ ಗಣನ ಕೈಗಿತ್ತು, ನೆರೆದವರಿಗೆಲ್ಲ ಹಂಚು ಎನ್ನುತ್ತಾನೆ. ವೃಷಭಮುಖ ಸಡಗರದಿಂದ ಹಂಚುತ್ತ ಹೋಗುತ್ತಾನೆ. ಷಣ್ಮುಖನೊಬ್ಬನಿಗೆ ಕೊಡುವುದು ಮರೆತುಹೋಗುತ್ತದೆ. ಕೇಳಿದರೆ, ಎಲ್ಲರಿಗೂ ಕೊಟ್ಟೆ ಎಂದುಬಿಡುತ್ತಾನೆ. ಮಾಡಿದ ತಪ್ಪು ಅಷ್ಟೇ. ಅಷ್ಟಕ್ಕೇ ಅವನು ಭೂಮಿಗೆ ಬಂದು, ಬಾಗೇವಾಡಿಯಲ್ಲಿ ಮಾದಿರಾಜನ ಮನೆಯಲ್ಲಿ ಬಸವನಾಗಿ ಹುಟ್ಟಬೇಕಾಗುತ್ತದೆ. ಹಂಪೆಯ ಹರಿಹರ ‘ಬಸವರಾಜದೇವರ ರಗಳೆ’ಯನ್ನು ತೊಡಗುವುದು ಹೀಗೆ.

ದೇವಲೋಕದ ಜೀವವೊಂದು ಮನುಷ್ಯ ಜನ್ಮ ತಾಳುವುದು, ಇಲ್ಲಿನ ಸುಖದುಃಖಗಳಲ್ಲಿ ತನ್ನ ಮೂಲವನ್ನು ಮರೆಯುವುದು, ಮತ್ತೆ ಹುಡುಕಿ ಪಡೆಯುವುದು: ಈ ಕಥೆ ಕನ್ನಡದಲ್ಲಿ ಸಾವಿರ ವರ್ಷಗಳಿಂದ ಹೇಳಿಸಿಕೊಳ್ಳುತ್ತ ಬಂದಿದೆ. ಜೈನರು ಹೇಳಿದ್ದಾರೆ, ವೀರಶೈವ ಕವಿಗಳು ಹೇಳಿದ್ದಾರೆ, ಹರಿದಾಸರು ಹೇಳಿದ್ದಾರೆ, ತಂಬೂರಿ ಹಿಡಿದ ನೀಲಗಾರರು ಹೇಳಿದ್ದಾರೆ. ಆದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಬಗೆ. ಮೇಲಿನವರು ಕೆಳಗೆ ಏಕೆ ಬರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಉತ್ತರವೇ ಬೇರೆಯಾಗುತ್ತ ಬಂದಿದೆ. ಮನುಷ್ಯ ಜನ್ಮಕ್ಕೆ ಆಯಾ ಕಾಲ ಕಟ್ಟಿದ ಬೆಲೆ ಎಷ್ಟು ಎಂಬುದೂ ಈ ಉತ್ತರಗಳಿಂದಲೇ ತಿಳಿಯುತ್ತದೆ.

ಮೊದಲ ದೊಡ್ಡ ಉತ್ತರ ಪಂಪನದು. ಕ್ರಿ.ಶ. 941ರಲ್ಲಿ ಅವನು ಬರೆದ ‘ಆದಿಪುರಾಣ’ ಒಂದೇ ಜೀವದ ಹಲವು ಭವಗಳ ಕಥೆ. ಆ ಜೀವ ಒಂದು ಭವದಲ್ಲಿ ಈಶಾನಕಲ್ಪದ ಲಲಿತಾಂಗದೇವನಾಗಿ, ಸ್ವಯಂಪ್ರಭೆಯೊಡನೆ ಸುಖದಲ್ಲಿ ಮುಳುಗಿರುತ್ತದೆ. ಆಯುಷ್ಯ ತೀರಲು ಆರು ತಿಂಗಳು ಉಳಿದಾಗ ಅವನ ಕೊರಳಿನ ಮಾಲೆ ಬಾಡುತ್ತದೆ. ದೇವನೂ ಸಾಯುತ್ತಾನೆ! ಲಲಿತಾಂಗ ಹೌಹಾರುತ್ತಾನೆ, ಸ್ವರ್ಗವನ್ನು ಬಿಡುವ ಮನಸ್ಸಿಲ್ಲ, ಉಳಿಯುವ ದಾರಿಯಿಲ್ಲ. ಮುಂದೆ ಅವನು ವಜ್ರಜಂಘನಾಗಿ, ಅವಳು ಶ್ರೀಮತಿಯಾಗಿ ಭೂಮಿಯಲ್ಲಿ ಹುಟ್ಟಿ ಮತ್ತೆ ಸೇರುತ್ತಾರೆ. ಒಂದು ರಾತ್ರಿ ಮಲಗುವ ಮನೆಯಲ್ಲಿ ತುಂಬಿಕೊಂಡ ಧೂಪದ ಹೊಗೆಗೆ ಉಸಿರುಕಟ್ಟಿ ಅಪ್ಪಿಕೊಂಡೇ ಸಾಯುತ್ತಾರೆ.

ಇಲ್ಲಿ ಯಾರೂ ಇಷ್ಟಪಟ್ಟು ಇಳಿಯುವುದಿಲ್ಲ, ಯಾರೂ ಕಳಿಸುವುದೂ ಇಲ್ಲ. ಕರ್ಮ ತಳ್ಳುತ್ತದೆ, ಜೀವ ಹೋಗುತ್ತದೆ. ಆದರೂ ಜೈನರ ಈ ಲೆಕ್ಕಾಚಾರದೊಳಗೆ ಒಂದು ದೊಡ್ಡ ಮಾತಿದೆ: ದೇವಗತಿಯಿಂದ ನೇರವಾಗಿ ಮೋಕ್ಷವಿಲ್ಲ. ಎಷ್ಟೇ ಎತ್ತರದ ಸ್ವರ್ಗದಲ್ಲಿದ್ದರೂ ಬಿಡುಗಡೆ ಬೇಕೆಂದರೆ ಮನುಷ್ಯನಾಗಿ ಹುಟ್ಟಲೇಬೇಕು. ತಪಸ್ಸು ಮಾಡಲು ಬರುವುದು ನೋವು ತಿಳಿದ ಈ ದೇಹಕ್ಕೆ ಮಾತ್ರ. ಲಲಿತಾಂಗನ ಜೀವವೇ ಕೊನೆಗೆ ವೃಷಭನಾಥನಾಗಿ ಹುಟ್ಟುತ್ತದೆ. ಅವನ ಒಡ್ಡೋಲಗದಲ್ಲಿ ಕುಣಿಯುತ್ತಿದ್ದ ನೀಲಾಂಜನೆ ಕುಣಿಯುತ್ತಲೇ ಆಯುಷ್ಯ ತೀರಿ ಕಾಣೆಯಾಗುತ್ತಾಳೆ. ಇಂದ್ರ ಅವಳಂತೆಯೇ ಇರುವ ಇನ್ನೊಬ್ಬಳನ್ನು ಕ್ಷಣಮಾತ್ರದಲ್ಲಿ ನಿಲ್ಲಿಸುತ್ತಾನೆ. ಸಭೆಗೆ ಅದು ತಿಳಿಯುವುದೇ ಇಲ್ಲ, ತಿಳಿಯುವುದು ಆದಿದೇವನಿಗೊಬ್ಬನಿಗೆ. ದೇವಲೋಕದ ನರ್ತಕಿಯ ಸಾವನ್ನು ನೋಡಿ ಮನುಷ್ಯನೊಬ್ಬ ಎಚ್ಚರಗೊಳ್ಳುವ ಈ ಸನ್ನಿವೇಶಕ್ಕೆ ಸಾಟಿಯಾದದ್ದು ಕನ್ನಡದಲ್ಲಿ ಕಡಿಮೆ.

ಶೈವರ ಕಥೆಯ ಬೇರು ತಮಿಳುನಾಡಿನಲ್ಲಿದೆ. ಹನ್ನೆರಡನೆಯ ಶತಮಾನದ ಸೇಕ್ಕಿಳಾರ್ ತನ್ನ ‘ಪೆರಿಯ ಪುರಾಣ’ದಲ್ಲಿ ಸುಂದರಮೂರ್ತಿ ನಾಯನಾರರ ಪೂರ್ವವೃತ್ತಾಂತ ಹೇಳುತ್ತಾನೆ. ಕೈಲಾಸದಲ್ಲಿ ಹೂ ಕೊಯ್ಯಲು ಹೋದ ಆಲಾಲಸುಂದರ ಅಲ್ಲಿದ್ದ ಇಬ್ಬರು ಕನ್ಯೆಯರ ಕಡೆ ಮನಸೋತು ನೋಡುತ್ತಾನೆ; ಆ ಒಂದು ನೋಟಕ್ಕೆ ಮೂವರೂ ಭೂಮಿಗೆ ಬರಬೇಕಾಗುತ್ತದೆ. ಭೂಮಿಯಲ್ಲಿ ಅವನ ಮದುವೆಯ ದಿನ ಶಿವನೇ ಮುದುಕನ ವೇಷದಲ್ಲಿ ಓಲೆಯೊಂದನ್ನು ಹಿಡಿದು ಬಂದು, ಈ ವರ ನನ್ನ ಆಳು ಎಂದು ಜಗಳ ತೆಗೆದು ಮದುವೆ ನಿಲ್ಲಿಸುತ್ತಾನೆ. ತನ್ನ ಮೂಲವನ್ನು ಮರೆತವನಿಗೆ ನೆನಪು ಮಾಡಿಕೊಡುವ ದೇವರ ರೀತಿ ಅದು. ಈ ಸುಂದರರ್ ಕನ್ನಡದಲ್ಲಿ ನಂಬಿಯಣ್ಣನಾದ. ಹರಿಹರ ಅವನ ಮೇಲೊಂದು ರಗಳೆಯನ್ನೇ ಬರೆದ.

ಹನ್ನೆರಡನೆಯ ಶತಮಾನದ ಕೊನೆ, ಹದಿಮೂರರ ಆದಿಯಲ್ಲಿ ಬಾಳಿದ ಹರಿಹರ ಶರಣರ ಮೇಲೆ ನೂರಕ್ಕೂ ಹೆಚ್ಚು ರಗಳೆಗಳನ್ನು ಬರೆದನೆನ್ನುತ್ತಾರೆ. ಅವನ ಕೈಯಲ್ಲಿ ಕೈಲಾಸದಿಂದ ಇಳಿದು ಬರುವ ಕಥೆ ಪೂರ್ತಿ ಮನುಷ್ಯರ ಕಥೆಯಾಯಿತು. ‘ಪ್ರಭುದೇವರ ರಗಳೆ’ಯನ್ನೇ ನೋಡಬಹುದು. ಕೈಲಾಸದ ನಿರ್ಮಾಯನೆಂಬ ಗಣ ಮತ್ತು ಸುರಸತಿಯೆಂಬ ರುದ್ರಕನ್ನಿಕೆ ಒಬ್ಬರನ್ನೊಬ್ಬರು ಮೆಚ್ಚಿ ನೋಡುತ್ತಾರೆ. ಶಿವ ಅದನ್ನು ಗಮನಿಸಿ, ಹೋಗಿ ಭೂಮಿಯಲ್ಲಿ ಬಾಳಿ ಬನ್ನಿ ಎಂದು ಕಳಿಸುತ್ತಾನೆ. ನಿರ್ಮಾಯ ಬಳ್ಳಿಗಾವೆಯಲ್ಲಿ ಅಲ್ಲಮನಾಗಿ, ಸುರಸತಿ ಕಮಲತೆಯಾಗಿ ಹುಟ್ಟುತ್ತಾರೆ. ಅವನು ಮದ್ದಳೆ ಬಾರಿಸುವುದರಲ್ಲಿ ನಿಪುಣ. ಇಬ್ಬರೂ ಒಲಿದು ಮದುವೆಯಾಗುತ್ತಾರೆ, ಹಗಲು ರಾತ್ರಿಯ ಗೊಡವೆಯಿಲ್ಲದೆ ಸುಖಿಸುತ್ತಾರೆ. ಅಷ್ಟರಲ್ಲಿ ಅವಳಿಗೆ ಜ್ವರ ಬರುತ್ತದೆ, ಸತ್ತೇ ಹೋಗುತ್ತಾಳೆ.

ಅಲ್ಲಮ ಹುಚ್ಚನಂತೆ ಅಲೆಯುತ್ತಾನೆ. ಒಂದು ತೋಟದಲ್ಲಿ ಕುಳಿತು, ಗೊತ್ತುಗುರಿಯಿಲ್ಲದೆ ಕಾಲಿನ ಉಗುರಿನಿಂದ ನೆಲ ಕೆರೆಯುತ್ತಿರುತ್ತಾನೆ. ಮಣ್ಣಿನೊಳಗಿಂದ ಚಿನ್ನದ ಕಳಸದ ತುದಿ ಕಾಣಿಸುತ್ತದೆ. ಅಗೆಸಿ ನೋಡಿದರೆ ಹೂತುಹೋದ ಗುಡಿ. ಬಾಗಿಲು ತೆರೆದರೆ ಒಳಗೆ ಕೈಯಲ್ಲಿ ಲಿಂಗ ಹಿಡಿದು, ರೆಪ್ಪೆ ಮಿಟುಕಿಸದೆ ಕುಳಿತ ಅನಿಮಿಷಯ್ಯ. ಆ ಲಿಂಗ ಅಲ್ಲಮನ ಕೈಗೆ ಬರುತ್ತದೆ, ಅನಿಮಿಷಯ್ಯನ ಪ್ರಾಣ ಹೋಗುತ್ತದೆ. ಕೈಲಾಸದವನಿಗೆ ತನ್ನ ಮೂಲ ಸಿಕ್ಕಿದ್ದು ಯಾವ ಶಾಸ್ತ್ರದಿಂದಲೂ ಅಲ್ಲ. ಹೆಂಡತಿ ಸತ್ತ ದುಃಖದಲ್ಲಿ ನೆಲ ಕೆರೆಯುತ್ತ ಕುಳಿತಾಗ. ಈ ಇಡೀ ಪರಂಪರೆಯಲ್ಲಿ ಇದಕ್ಕಿಂತ ದೊಡ್ಡ ಘಟ್ಟ ಇನ್ನೊಂದಿಲ್ಲ. ಹರಿಹರನ ಗಣಗಳು ಇಳಿದು ಬಂದ ಮೇಲೆ ನಿಜವಾಗಿಯೂ ಮರೆಯುತ್ತಾರೆ, ನಿಜವಾಗಿಯೂ ಅಳುತ್ತಾರೆ. ಅವನ ಬಸವಣ್ಣನೂ ಹಾಗೆಯೇ. ಸಂಗಮನಾಥ ಕನಸಿನಲ್ಲಿ ಬಂದು, ಇನ್ನು ಮಂಗಳವಾಡಕ್ಕೆ ಹೋಗು ಎಂದಾಗ ಕಪ್ಪಡಿಸಂಗಮ ಬಿಟ್ಟು ಹೋಗಲಾರದೆ ಸಂಕಟಪಡುವ ಆ ಹುಡುಗನಲ್ಲಿ ಕೈಲಾಸದ ಗತ್ತು ಎಳ್ಳಷ್ಟೂ ಇಲ್ಲ.

ಇಲ್ಲಿಂದ ಕಥೆ ಇನ್ನೊಂದು ದಾರಿ ಹಿಡಿಯಿತು. ಹದಿಮೂರನೆಯ ಶತಮಾನದ ತೆಲುಗು ಕವಿ ಪಾಲ್ಕುರಿಕೆ ಸೋಮನಾಥನ ‘ಬಸವಪುರಾಣ’ದಲ್ಲಿ, ಅದನ್ನು ಅನುಸರಿಸಿ 1369ರಲ್ಲಿ ಭೀಮಕವಿ ಬರೆದ ಕನ್ನಡ ‘ಬಸವಪುರಾಣ’ದಲ್ಲಿ ತಪ್ಪಿನ ಮಾತು ಹಿಂದೆ ಸರಿಯುತ್ತದೆ. ಭೂಮಿಯಲ್ಲಿ ಶಿವಭಕ್ತಿ ಕುಂದಿದೆ, ಅದನ್ನು ಎತ್ತಿ ನಿಲ್ಲಿಸಲು ನಂದಿಯೇ ಹೋಗಬೇಕು. ಶಿಕ್ಷೆಯಾಗಿದ್ದ ಜನ್ಮ ಇಲ್ಲಿ ಹೊಣೆಯಾಯಿತು. ಬಸವಣ್ಣ ನಂದಿಯ ಅವತಾರವೆಂಬ ನಂಬಿಕೆ ಊರೂರಿಗೆ ಹಬ್ಬಿದ್ದು ಈ ಪುರಾಣಗಳಿಂದ. ಉತ್ತರ ಕರ್ನಾಟಕದ ಊರುಗಳಲ್ಲಿ ಶ್ರಾವಣ ಮಾಸದ ಸಂಜೆಗಳಲ್ಲಿ ಪುರಾಣ ಹೇಳಿಸುವ ರೂಢಿ ಈಗಲೂ ಇದೆ. ಬಸವಣ್ಣನ ಜನನದ ಅಧ್ಯಾಯ ಬಂದ ದಿನ ತೊಟ್ಟಿಲು ಕಟ್ಟಿ, ಹೆಂಗಸರು ಜೋಗುಳ ಹಾಡಿ ತೂಗುತ್ತಾರೆ. ಕೈಲಾಸದಿಂದ ಬಂದವನಾದರೂ ಅವನು ಅವರಿಗೆ ಮೊದಲು ಕೂಸು.

ಪ್ರೌಢದೇವರಾಯನ ಕಾಲದ ಚಾಮರಸ ಈ ಕಥೆಯನ್ನು ಇನ್ನೂ ಮೇಲಕ್ಕೆ ಒಯ್ದ. ಸುಮಾರು 1430ರ ಅವನ ‘ಪ್ರಭುಲಿಂಗಲೀಲೆ’ ಶಿವ ಪಾರ್ವತಿಯರ ವಾದದಿಂದ ಹುಟ್ಟುತ್ತದೆ. ಅಲ್ಲಮ ಮಾಯೆಗೆ ಸಿಕ್ಕುವವನಲ್ಲ ಎಂದು ಶಿವನ ನಿಲುವು. ಪಾರ್ವತಿ ಒಪ್ಪದೆ ತನ್ನ ತಾಮಸ ಕಳೆಯನ್ನೇ ಮಾಯೆಯಾಗಿ ಬನವಾಸಿಯಲ್ಲಿ ಹುಟ್ಟಿಸುತ್ತಾಳೆ. ಅವಳ ತಂದೆ ಮಮಕಾರ, ತಾಯಿ ಮೋಹಿನಿ. ಅಲ್ಲಮನ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಮಧುಕೇಶ್ವರನ ಗುಡಿಯಲ್ಲಿ ಅವನು ಮದ್ದಳೆ ಬಾರಿಸುತ್ತಾನೆ, ಅವಳು ಕುಣಿಯುತ್ತಾಳೆ, ಸೋಲುವವಳು ಅವಳೇ. ಕಮಲತೆಯೂ ಇಲ್ಲ, ಜ್ವರವೂ ಇಲ್ಲ, ಅಲೆದಾಟವೂ ಇಲ್ಲ. ಈ ಅಲ್ಲಮ ಏನನ್ನೂ ಮರೆಯುವುದಿಲ್ಲ, ಆದ್ದರಿಂದ ಏನನ್ನೂ ಹುಡುಕುವುದೂ ಇಲ್ಲ. ತತ್ತ್ವದ ದೃಷ್ಟಿಯಿಂದ ಇದು ಎತ್ತರದ ಕಲ್ಪನೆಯೇ ಸರಿ. ಆದರೆ ಓದುಗನ ಎದೆಗೆ ತಾಗುವವನು ಹರಿಹರನ ಅಲ್ಲಮ. ಎಂದೂ ಬೀಳದವನಿಂದ ಬಿದ್ದವರು ಕಲಿಯುವುದು ಏನಿದ್ದೀತು?

ಈ ಕಾವ್ಯಗಳ ನಾಯಕರಾದ ಶರಣರು ತಾವೇ ಏನು ಹೇಳಿಕೊಂಡಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ಬಸವಣ್ಣ ತನ್ನ ವಚನಗಳಲ್ಲಿ ಹೇಳಿಕೊಳ್ಳುವ ನೆಂಟಸ್ತಿಕೆ ಮಾದಾರ ಚೆನ್ನಯ್ಯನದು, ಡೋಹರ ಕಕ್ಕಯ್ಯನದು. ತನಗಿಂತ ಕಿರಿಯರಿಲ್ಲ ಎನ್ನುವುದು ಅವನ ಸಹಜ ಧಾಟಿ. ಆಯ್ದಕ್ಕಿ ಮಾರಯ್ಯನಂತೂ ಕಾಯಕವನ್ನೇ ಕೈಲಾಸವೆಂದ. ಅವರ ಷಟ್‌ಸ್ಥಲದ ದಾರಿ ಭಕ್ತನಿಂದ ತೊಡಗಿ ಐಕ್ಯದಲ್ಲಿ ಮುಟ್ಟುವ ದಾರಿ. ಅಂಗ ಲಿಂಗವಾಗುವುದು ಈ ನೆಲದಲ್ಲೇ, ಈ ಜನ್ಮದಲ್ಲೇ. ಮನುಷ್ಯರು ಮೇಲೇರಿದ ಚರಿತ್ರೆಯನ್ನು ಪುರಾಣಕಾರರು ದೇವತೆಗಳು ಕೆಳಗಿಳಿದ ಕಥೆಯನ್ನಾಗಿ ತಿರುಗಿಸಿದರು. ಭಕ್ತಿಯಿಂದಲೇ ತಿರುಗಿಸಿದರು, ನಿಜ. ಆದರೂ ಆ ಏರಿಕೆಯ ಶ್ರಮ ಅದರಲ್ಲಿ ಸ್ವಲ್ಪ ಮರೆಯಾಯಿತು.

ಮಾಧ್ವ ಪರಂಪರೆಯ ಬಗೆ ಬೇರೆ. ತಾವು ವಾಯುದೇವರ ಮೂರನೆಯ ಅವತಾರವೆಂದು ಮಧ್ವಾಚಾರ್ಯರು ತಮ್ಮ ಗ್ರಂಥಗಳಲ್ಲಿ ತಾವೇ ಹೇಳಿಕೊಂಡಿದ್ದಾರೆ: ಹನುಮ, ಭೀಮ, ಆಮೇಲೆ ಮಧ್ವ. ನಾರಾಯಣ ಪಂಡಿತಾಚಾರ್ಯರ ‘ಸುಮಧ್ವವಿಜಯ’ ಇದನ್ನೇ ಮೊದಲ ಸರ್ಗದಿಂದ ವಿಸ್ತರಿಸುತ್ತದೆ. ಮುಂದೆ ದಾಸರಿಗೂ ಒಬ್ಬೊಬ್ಬ ದೇವತೆಯ ಅಂಶ ನಿಗದಿಯಾಯಿತು. ಪುರಂದರದಾಸರು ನಾರದರ ಅಂಶ, ವಿಜಯದಾಸರು ಭೃಗು, ಗೋಪಾಲದಾಸರು ಗಣಪತಿ. ಆದರೆ ದ್ವೈತದಲ್ಲಿ ಜೀವ ಎಂದೂ ಹರಿಯಾಗುವುದಿಲ್ಲ. ಮರಳಿ ಸೇರುವುದೆಂದರೆ ತಾರತಮ್ಯದಲ್ಲಿ ತನ್ನ ಸ್ಥಾನ ಯಾವುದೆಂದು ಅರಿತು, ತನ್ನೊಳಗೆ ಬಿಂಬರೂಪಿಯಾಗಿರುವ ಹರಿಯನ್ನು ಕಾಣುವುದು. ಜಗನ್ನಾಥದಾಸರ ‘ಹರಿಕಥಾಮೃತಸಾರ’ ಹಿಡಿದ ದಾರಿ ಅದೇ.

ಈ ಪರಂಪರೆಯಲ್ಲೂ ಹೂವಿನ ಕಥೆಯೊಂದು ಬರುವುದು ಕುತೂಹಲದ ಸಂಗತಿ. ಬ್ರಹ್ಮನ ಪೂಜೆಗೆ ಹೂ ತರುತ್ತಿದ್ದ ಶಂಕುಕರ್ಣ ಒಂದು ದಿನ ತಡಮಾಡಿ ಶಾಪಕ್ಕೆ ಗುರಿಯಾಗುತ್ತಾನೆ. ಪ್ರಹ್ಲಾದನಾಗಿ, ಬಾಹ್ಲೀಕನಾಗಿ, ವ್ಯಾಸರಾಯರಾಗಿ, ಕೊನೆಗೆ ಮಂತ್ರಾಲಯದ ರಾಘವೇಂದ್ರರಾಗಿ ಹುಟ್ಟುತ್ತಾನೆ. ಆಲಾಲಸುಂದರ ಹೂ ಕೊಯ್ಯಲು ಹೋದವನು, ವೃಷಭಮುಖ ಹಂಚಿದವನು, ಶಂಕುಕರ್ಣ ತಂದವನು. ಮೂವರೂ ಪೂಜೆಯ ಕೆಲಸದಲ್ಲೇ ಇದ್ದವರು, ಮೂವರದೂ ಕ್ಷಣದ ಮೈಮರೆವು. ಘೋರ ಪಾಪ ಮಾಡಿ ಬಿದ್ದವರು ಇವರಲ್ಲಿ ಒಬ್ಬರೂ ಇಲ್ಲ. ಭೂಮಿಗೆ ಬರಲು ಒಂದು ನೆಪ ಬೇಕಿತ್ತು, ಕವಿಗಳು ಆದಷ್ಟು ಹಗುರಾದ ನೆಪವನ್ನೇ ಆರಿಸಿಕೊಂಡರು. ಶಾಪವೆಂಬುದು ಇಲ್ಲಿ ಬೀಳ್ಕೊಡುಗೆಗೆ ಇಟ್ಟ ಇನ್ನೊಂದು ಹೆಸರಿನಂತೆ ಕಾಣುತ್ತದೆ. ರಾಯರ ಮಹಿಮೆಯನ್ನು 1966ರಲ್ಲಿ ರಾಜಕುಮಾರ್ ಅಭಿನಯದ ‘ಮಂತ್ರಾಲಯ ಮಹಾತ್ಮೆ’ ಓದು ಬಾರದವರ ಮನೆಗೂ ಮುಟ್ಟಿಸಿತು.

ಹಳೇ ಮೈಸೂರಿನ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಮಾತ್ರ ಈ ಎಲ್ಲ ಕಥೆಗಳನ್ನೂ ತಲೆಕೆಳಗು ಮಾಡುತ್ತದೆ. ಪರಂಜ್ಯೋತಿಯೇ ಆದ ಮಂಟೇಸ್ವಾಮಿ ಬಸವಣ್ಣನ ಕಲ್ಯಾಣಕ್ಕೆ ಬರುವುದು ಮೈಯೆಲ್ಲ ಕೊಳೆತು ನಾರುವ ತಿರುಕನ ರೂಪದಲ್ಲಿ. ಕಾವಲಿನವರು ಒಳಗೆ ಬಿಡುವುದಿಲ್ಲ. ಶುದ್ಧಿಯ ಹಮ್ಮಿನಲ್ಲಿರುವ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ. ಕೊನೆಗೆ ತಿಪ್ಪೆಯಲ್ಲಿ ಬಿದ್ದವನನ್ನು ಹುಡುಕಿಕೊಂಡು ಬಸವಣ್ಣನೇ ಬರಬೇಕಾಗುತ್ತದೆ. ಇಲ್ಲಿ ಮರೆತವನು ಇಳಿದು ಬಂದವನಲ್ಲ. ಮರೆತವರು ಅವನನ್ನು ಬಾಗಿಲಲ್ಲಿ ತಡೆದವರು. ದೇವರ ಗುರುತು ಹಿಡಿಯುವ ಪರೀಕ್ಷೆ ಊರಿಗೇ ನಡೆಯುತ್ತದೆ, ಅದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಊರ ಹೊರಗೆ ನಿಲ್ಲಿಸಲ್ಪಟ್ಟವರ ಅನುಭವ ಬೆನ್ನಿಗಿಲ್ಲದೆ ಇಂಥ ಕಥೆ ಹುಟ್ಟುವುದು ಕಷ್ಟ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಇದನ್ನು ಆಧುನಿಕ ರಂಗಭೂಮಿಗೆ ತಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಹೊಳೆಗಳು ಹರಿದವು. ಒಂದು, ಪುದುಚೇರಿಯ ಅರವಿಂದರಿಂದ ಬಂದದ್ದು. ಅಂತರಾತ್ಮ ತನ್ನ ಮುಂದಿನ ಜನ್ಮದ ಅನುಭವವನ್ನು ತಾನೇ ಆರಿಸಿಕೊಳ್ಳುತ್ತದೆ, ಹುಟ್ಟು ದಂಡನೆಯಲ್ಲ, ಬೆಳವಣಿಗೆ ಎಂಬುದು ಅವರ ವಿಚಾರ. ಬೇಂದ್ರೆ, ಗೋಕಾಕ, ಹಲಸಂಗಿಯ ಮಧುರಚೆನ್ನ ಅದರ ಪ್ರಭಾವಕ್ಕೆ ಒಳಗಾದರು. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಬರಹಗಳಲ್ಲಿ ಮಧುರಚೆನ್ನರು ತಮ್ಮ ಸಂಶಯವನ್ನು, ಕತ್ತಲನ್ನು, ಕಾಣ್ಕೆಯನ್ನು ತಾವೇ ದಾಖಲಿಸಿದರು. ಕೈಲಾಸದ ಹಿನ್ನೆಲೆಯಿಲ್ಲದ ಹಳ್ಳಿಯ ಬರಹಗಾರನೊಬ್ಬ ತನ್ನ ಒಳಗಿನ ಹುಡುಕಾಟವನ್ನೇ ಚರಿತ್ರೆಯಾಗಿ ಬರೆದದ್ದು ಕನ್ನಡಕ್ಕೆ ಹೊಸತು. ಪ್ರತಿ ಮಗುವೂ ವಿಶ್ವಮಾನವನಾಗಿಯೇ ಹುಟ್ಟುತ್ತದೆ, ಜಾತಿಮತಗಳು ಅದನ್ನು ಅಲ್ಪವಾಗಿಸುತ್ತವೆ ಎಂಬ ಕುವೆಂಪು ವಿಚಾರವನ್ನೂ ಇದರ ಪಕ್ಕದಲ್ಲಿಟ್ಟು ಓದಬಹುದು. ಅಲ್ಲಿ ಇಳಿದು ಬರುವುದು ಕೆಲವರ ಸೊತ್ತಲ್ಲ. ತೊಟ್ಟಿಲಲ್ಲಿರುವ ಪ್ರತಿಯೊಂದು ಕೂಸಿನದು.

ಇನ್ನೊಂದು, ಸಂಶೋಧನೆಯ ಹೊಳೆ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾಯಿತು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಶುರುವಾಯಿತು. ಓಲೆಗರಿಗಳಲ್ಲಿದ್ದ ವಚನಗಳು ಸಾಮಾನ್ಯರ ಕೈಗೆ ಬಂದ ಮೇಲೆ ಪುರಾಣದ ನಂದಿಗೂ ವಚನದ ಬಸವಣ್ಣನಿಗೂ ಇರುವ ದೂರ ಎದ್ದು ಕಂಡಿತು. ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’ ನಾಟಕಗಳು ಕೈಲಾಸವನ್ನು ಪೂರ್ತಿ ಬಿಟ್ಟು, ಕಲ್ಯಾಣದ ರಾಜಕೀಯದಲ್ಲಿ ಸಿಕ್ಕಿಬಿದ್ದ ಮನುಷ್ಯ ಬಸವಣ್ಣನನ್ನು ರಂಗಕ್ಕೆ ತಂದವು. ಡಿ.ಆರ್. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಅಲ್ಲಮನನ್ನು ಪುರಾಣದ ಚೌಕಟ್ಟಿನಿಂದ ಬಿಡಿಸಿ, ಭಾರತದ ಶೈವ ಚಿಂತನೆಯ ನಡುವೆ ಇಟ್ಟು ನೋಡಿತು. ಹರಿಹರನ ರಗಳೆಗಳ ಮೇಲೆ ಗಿಲ್ ಬೆನ್-ಹೆರುತ್ ಬರೆದ ಇಂಗ್ಲಿಷ್ ಪುಸ್ತಕ 2018ರಲ್ಲಿ ಬಂದ ಮೇಲೆ ಹೊರದೇಶದ ವಿದ್ವಾಂಸರ ಗಮನವೂ ಮತ್ತೆ ಆ ಕವಿಯ ಕಡೆ ತಿರುಗಿದೆ. ಬಸವಣ್ಣನನ್ನು ನಂದಿಯ ಅವತಾರವೆನ್ನುವುದು ಅವನ ಸ್ವಂತ ಸಾಧನೆಯನ್ನು ಕಸಿದಂತೆ ಎಂದು ವಾದಿಸುವವರು ಇಂದು ಕರ್ನಾಟಕದಲ್ಲಿ ಹಲವರಿದ್ದಾರೆ. ಅದೇ ಬಸವಣ್ಣನಿಗೆ ಜಯಂತಿಯ ದಿನ ಎತ್ತುಗಳನ್ನು ಸಿಂಗರಿಸಿ ಕೈಮುಗಿಯುವ ಒಕ್ಕಲಿಗರೂ ಇದ್ದಾರೆ.