ಲಕ್ಷಾಂತರ ಕಡತಗಳ ಭಂಡಾರ ಮತ್ತು ಗಿಟ್

ತಂತ್ರಾಂಶವೊಂದರ ಕಡತಗಳಲ್ಲಿ ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದನ್ನು ದಾಖಲಿಸಿಡುವ ವ್ಯವಸ್ಥೆಗೆ ಆವೃತ್ತಿ ನಿಯಂತ್ರಣವೆಂದು ಹೆಸರು. ತಂತ್ರಾಂಶ ವೃತ್ತಿಯಲ್ಲಿರುವ ನಮ್ಮ ಮನೆಮಕ್ಕಳ ಬಾಯಲ್ಲಿ ಆಗಾಗ ಕೇಳಿಬರುವ ‘ಗಿಟ್’ ಇಂತಹುದೇ ಒಂದು ಸಾಧನ. ಲಿನಕ್ಸ್ ಕರ್ನೆಲ್‌ನ ಅಭಿವೃದ್ಧಿಗಾಗಿ ಲೀನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಇದನ್ನು ರಚಿಸಿದರು.

ಸಾಮಾನ್ಯವಾಗಿ ಗಿಟ್ ಬಳಸುವ ಪ್ರತಿಯೊಬ್ಬರ ಗಣಕದಲ್ಲಿಯೂ ಇಡೀ ಭಂಡಾರವೂ ಅದರ ಸಮಗ್ರ ಇತಿಹಾಸವೂ ಇರುತ್ತವೆ. ಕಡತಗಳು ಕೆಲವು ಸಾವಿರವಿದ್ದಾಗ ಇದು ವರ. ಲಕ್ಷಗಳನ್ನು ಮೀರಿದಾಗ ಹೊರೆ. ಕಾರಣ ಸರಳವಾಗಿದೆ. ಗಿಟ್ ‘ಇಂಡೆಕ್ಸ್’ ಎಂಬ ಪಟ್ಟಿಯಲ್ಲಿ ಪ್ರತಿ ಕಡತಕ್ಕೂ ಒಂದು ನಮೂದನ್ನು ಇಟ್ಟಿರುತ್ತದೆ. ಬದಲಾದುದೇನೆಂದು ಕೇಳುವ ‘ಸ್ಟೇಟಸ್’ ಆದೇಶ ನೀಡಿದೊಡನೆ, ಪ್ರತಿ ನಮೂದನ್ನೂ ಡಿಸ್ಕಿನಲ್ಲಿರುವ ಕಡತದ ಗಾತ್ರ ಹಾಗೂ ತಿದ್ದುಪಡಿಯ ವೇಳೆಯೊಂದಿಗೆ ತಾಳೆ ನೋಡುತ್ತದೆ. ಒಂದೇ ಖಾತೆಯಲ್ಲಿ ವಹಿವಾಟು ನಡೆದಿದ್ದರೂ ಲೆಡ್ಜರಿನ ಎಲ್ಲ ಖಾತೆಗಳನ್ನೂ ಪರಿಶೀಲಿಸಿದಂತೆ!

ಇದರ ಅತಿ ದೊಡ್ಡ ನಿದರ್ಶನ ಮೈಕ್ರೋಸಾಫ್ಟ್ ಸಂಸ್ಥೆಯದು. 2017ರಲ್ಲಿ ಗಿಟ್‌ಗೆ ವರ್ಗಾಯಿಸಲಾದ ವಿಂಡೋಸ್ ಭಂಡಾರದಲ್ಲಿ ಸುಮಾರು 35 ಲಕ್ಷ ಕಡತಗಳಿದ್ದವು. ಗಾತ್ರ ಸುಮಾರು 300 ಗಿಗಾಬೈಟ್. ಮೂಲ ಗಿಟ್‌ನಲ್ಲಿ ಅದರ ಪ್ರತಿ ಪಡೆಯಲು 12 ಗಂಟೆಗೂ ಹೆಚ್ಚು ಕಾಲ, ಒಂದು ‘ಸ್ಟೇಟಸ್’ಗೆ 10 ನಿಮಿಷ ಹಿಡಿಯುತ್ತಿತ್ತು. ದಿನಕ್ಕೆ ಹಲವು ಬಾರಿ ನೀಡುವ ಆದೇಶಕ್ಕೆ ಇಷ್ಟು ಕಾಯುವುದಾದರೆ ಸಾವಿರಾರು ಎಂಜಿನಿಯರರ ಕೆಲಸ ಸಾಗುವುದೆಂತು? ಆಗ ರೂಪುಗೊಂಡದ್ದೇ ‘ಜಿವಿಎಫ್‌ಎಸ್’. ಇದರಲ್ಲಿ ಕಡತಗಳೆಲ್ಲವೂ ಇರುವಂತೆ ಕಾಣುತ್ತವೆ. ತೆರೆದಾಗಲಷ್ಟೇ ಸರ್ವರಿನಿಂದ ಇಳಿದುಬರುತ್ತವೆ. ‘ಸ್ಟೇಟಸ್’ನ ಅವಧಿ ನಾಲ್ಕೈದು ಸೆಕೆಂಡುಗಳಿಗೆ ಇಳಿಯಿತು.

ಮುಂದೆ ಗಿಟ್‌ನಲ್ಲಿಯೇ ಪರಿಹಾರಗಳು ಅಡಕಗೊಂಡವು. ಅವುಗಳಲ್ಲಿ ಮುಖ್ಯವಾದವು:

* ಪಾರ್ಷಿಯಲ್ ಕ್ಲೋನ್: ಕಡತಗಳ ಹಳೆಯ ಆವೃತ್ತಿಗಳನ್ನು ಅಗತ್ಯ ಬಿದ್ದಾಗ ಮಾತ್ರ ತರಿಸಿಕೊಳ್ಳುವುದು.
* ಸ್ಪಾರ್ಸ್ ಚೆಕ್‌ಔಟ್: ಬೇಕಾದ ಕಡತಕೋಶಗಳನ್ನಷ್ಟೇ ಡಿಸ್ಕಿನಲ್ಲಿ ಇಡುವುದು. ಇದಕ್ಕೆಂದೇ ಪ್ರತ್ಯೇಕ ಆದೇಶ 2020ರಲ್ಲಿ ಬಂದಿತು.
* ಎಫ್‌ಎಸ್ ಮಾನಿಟರ್: ಬದಲಾದ ಕಡತಗಳನ್ನು ಆಗಿಂದಾಗಲೇ ಗುರುತಿಸಿಟ್ಟುಕೊಳ್ಳುವುದು, ಬ್ಯಾಂಕಿನ ಡೇ ಬುಕ್ಕಿನಂತೆ.
* ಸ್ಕೇಲಾರ್: ಇಂತಹ ಸೌಲಭ್ಯಗಳನ್ನು ಒಟ್ಟಿಗೆ ಅಳವಡಿಸಿಕೊಡುವ ಆದೇಶ, 2022ರಲ್ಲಿ ಗಿಟ್ ಜೊತೆ ಸೇರಿತು.

ಈ ವೇಗಕ್ಕೆ ಬೆಲೆಯೂ ಉಂಟು. ಕೈಯಲ್ಲಿ ಪೂರ್ಣ ಪ್ರತಿ ಇಲ್ಲದವರು ಮತ್ತೆ ಸರ್ವರನ್ನೇ ಆಶ್ರಯಿಸಬೇಕು. ಸಂಪರ್ಕ ಕಡಿದರೆ ಹಳೆಯ ದಾಖಲೆ ಸಿಗದೇ ಹೋಗಬಹುದು. ಆದುದರಿಂದ ಸಣ್ಣ ಭಂಡಾರವುಳ್ಳವರಿಗೆ ಸಮಗ್ರ ಪ್ರತಿಯೇ ಇಂದಿಗೂ ಲೇಸು.